ಮಾನಸ್

ನಮ್ಮ ಅಂಕೋಲೆಯ ಕಡೆ ಗಜನಿ ಅಂದದ್ದನ್ನು
ಇಲ್ಲಿ ಚೋಡಣ ದ್ವೀಪದಲ್ಲಿ ಖಾಜನ್ ಅನ್ನುತ್ತಾರೆ.
ತೂಬಿನ ಬಾಗಿಲಿಗೆ ಮಾನಸ್.
ಮೊದಲ ದಿನ ಕಾಯ್ತಾನ ಫೋನಿನಲ್ಲಿ
"ಮಾನಸ್ ಹತ್ತಿರ ಸಾಯ್ತಿವೆ, ಬೇಗ ಬಾ" ಎಂದಾಗ
ಯಾರ ಮನಸ್ಸು, ಎಲ್ಲಿಯ ಸಾವು ಎಂದು
ರಿಬಂದರದಿಂದ ಫೆರಿ ದಾಟುವ ತನಕ ಯೋಚಿಸಿದ್ದೆ.

ಸತ್ತದ್ದು ಚೊಣಕ. ಹದಿನಾಲ್ಕು.
ಬಾಲದ ಬುಡದಲ್ಲಿ ಕೆಂಪು ಹುಣ್ಣು,
ಕಣ್ಣಿಗೆ ಹಾಲು ಕಟ್ಟಿದ ಬಿಳುಪು.

ಮದ್ದು ಗೊತ್ತಿತ್ತು. ಗೊತ್ತಿಲ್ಲದ್ದು ದಾರಿ.
ಮೀನಿನ ಮೂಗು ಹಿಡಿದು ಬಾಯಿಗೆ ಹೊಯ್ಯುವಂತಿಲ್ಲ,
ನೀರಿಗೆ ಸುರಿದರೆ ಮಾಂಡೋವಿ ಕುಡಿದು ಹೋಗುತ್ತದೆ.
ಉಳಿದದ್ದು ಅನ್ನ,
ಅದರೊಳಗೆ ಅಡಗಿಸಿ ಕೊಡಬೇಕು.

ಮೊದಲ ಕಂತು ಗಾಜಿನ ಲೋಟದಲ್ಲಿ
ಎರಡೇ ನಿಮಿಷಕ್ಕೆ ಗಂಜಿಯಾಯಿತು.
ಎರಡನೆಯದು ಗಟ್ಟಿ, ಆದರೆ ಬೆಂದ ಬಿಸಿಗೆ
ಮದ್ದೇ ಸತ್ತಿತ್ತು.
ಮೂರನೆಯದನ್ನು ಮೀನು ಬಾಯಿಗಿಟ್ಟು, ತಡೆದು,
ಥೂ ಎಂದಿತು. ಹೌದು, ಮೀನೂ ಉಗುಳುತ್ತದೆ,
ಮಕ್ಕಳ ಹಾಗೇ, ತುಟಿ ಮುಂದೆ ಮಾಡಿ.
ನಾಲಗೆಯ ತುದಿಗೆ ನಾನೂ ಮುಟ್ಟಿಸಿಕೊಂಡೆ:
ಹಾಗಲದ ಬೀಜ, ತುಕ್ಕು ಹಿಡಿದ ಬೀಗದ ಕೈ.
ಐದು, ಆರರ ಸುದ್ದಿ ಬೇಡ.
ಏಳನೆಯದಕ್ಕೆ ಗೋದಿಯ ಅಂಟು, ಬೊಂಡಾಸದ ಪುಡಿ;
ಮದ್ದನ್ನು ಬೇಯಿಸದೆ, ಕಾಳು ತಣ್ಣಗಾದ ಮೇಲೆ
ತಾರ್ಲಿ ಎಣ್ಣೆಯಲ್ಲಿ ಕಲಸಿ ಮೇಲೆ ಲೇಪ.
ಲೋಟದಲ್ಲಿ ನಲವತ್ತು ನಿಮಿಷ ನಿಂತಿತು.
ಅದರ ಜೊತೆ ನಾನೂ ನಿಂತೇ ಇದ್ದೆ.

ಕೊಳಕ್ಕೆ ಎರಚಿದೆವು, ಕೊಳ ಕುದಿಯಿತು!
ಬಾಯಿಗಳು, ಬೆನ್ನುಗಳು, ಚಪಚಪ.
ಕಾಯ್ತಾನ ಎದೆಯ ಮೇಲೆ ಶಿಲುಬೆ ಗೀರಿಕೊಂಡ.
ಮರುದಿನ ಸತ್ತದ್ದು ಹದಿನೇಳು.

ಸಂಗನಬಸು, ಮುದ್ದೇಬಿಹಾಳದವ,
ತೂಬಿನ ಪಕ್ಕ ತಗಡಿನ ಖೋಲಿಯಲ್ಲಿ ಇರುವವ,
ಮಾನಸಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ
ಸತ್ತವುಗಳ ಲೆಕ್ಕ ಬರೆಯುವವ,
ಬುಟ್ಟಿ ತೊಳೆಯುತ್ತಲೇ ಅಂದ:
"ಮೇಡಮ್ಮರ, ಉಂಡಾವು ಯಾವುವು ನೋಡಿದ್ರೇನು?
ಗಟ್ಟಿ ಇದ್ದಾವು.
ಜಡ್ಡಾದದ್ದಕ್ಕ ಹಸಿವು ಎಲ್ಲೈತ್ರಿ?
ನೀವು ಮದ್ದು ಹಾಕಾಕತ್ತೀರಿ ಪೈಲ್ವಾನರಿಗೆ."

ನನ್ನ ಪಟ್ಟಿಯಲ್ಲಿ
ಕಿಲೋ ಮೀನಿಗೆ ಎಷ್ಟು ಮಿಲಿಗ್ರಾಂ ಎಂದಿತ್ತು.
ಯಾವ ಮೀನಿಗೆ ಎಂದಿರಲಿಲ್ಲ.

ಅವನೇ ತೋರಿಸಿದ. ಉಬ್ಬರ ಏರುವ ಹೊತ್ತಿಗೆ
ಹಲಗೆಯ ಸಂದಿನಿಂದ ಹೊಸ ನೀರು ಸೋರುವಲ್ಲಿ
ಅವು ಬಂದು ನಿಲ್ಲುತ್ತವೆ,
ಕೊನೆಯ ಬಸ್ಸು ಹೋದ ಮೇಲೂ
ಸ್ಟ್ಯಾಂಡಿನಲ್ಲಿ ನಿಂತವರಂತೆ, ಎತ್ತಲೂ ನೋಡದೆ.
ಆಚೆ ಬದುವಿನಲ್ಲಿ ಕಾಯ್ತಾನ ಡಬ್ಬಿ ಬಡಿದು
ಬರಿಯ ತಿಂಡಿ ಎರಚಿದ; ಪೈಲ್ವಾನರೆಲ್ಲ ಅತ್ತ.
ಈಚೆ ನಾವಿಬ್ಬರು, ಸದ್ದಿಲ್ಲದೆ,
ಒಂದೊಂದೇ ಕಾಳು, ಮೂತಿಯ ಮುಂದೆ.
ಒಂದು ನೋಡಿತು. ಬಿಟ್ಟಿತು.
ಇನ್ನೊಂದು, ಮುಳುಗುವ ಕಾಳಿನ ಜೊತೆ
ತಾನೂ ಒಂದು ಮೊಳ ಇಳಿದು
ಬಾಯಿ ತೆರೆಯಿತು.
ಸಂಗನಬಸು ಉಸಿರು ಬಿಟ್ಟದ್ದು ಕೇಳಿಸಿತು.

ದಿನವೂ ಹೀಗೆ.
ಫೆರಿಯಲ್ಲಿ ಜನ ನನ್ನ ವಾಸನೆಗೆ ದೂರ ಸರಿಯುತ್ತಾರೆ,
ಬೆಕ್ಕೊಂದು ಮಾತ್ರ ದಡದವರೆಗೂ ಜೊತೆ.
ಕಾಯ್ತಾನನ ತಂಗಿಯ ಮಗಳ ಮದುವೆಗೆ ಮೀನು ಬೇಕಂತೆ.
ಮೈಯಿಂದ ಮದ್ದು ಇಳಿಯುವ ತನಕ
ಒಂದನ್ನೂ ಹಿಡಿಯಕೂಡದು ಎಂದೆ.
ಎಷ್ಟು ದಿನ ಅಂದ. ಹೇಳಿದೆ.
ಪೋರ್ಚುಗೀಸಿನಲ್ಲಿ ಏನೋ ಗೊಣಗಿದ,
ನಾನು ಅರ್ಥ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹಲಗೆ ಖಾಲಿ.
"ನಿನ್ನೆ ಒಂದೂ ಇಲ್ವಾ?" ಎಂದೆ, ದನಿ ತುಸು ಹಾರಿ.
"ನಿನ್ನಿದು ನೀರು ಒರಸಿಕೊಂಡು ಹೋಗೈತ್ರಿ."
ಬುಟ್ಟಿ ಎತ್ತಿ ನನ್ನ ಕೈಗೆ ಕೊಟ್ಟ.
"ಉಬ್ಬರ ಏರಾಕತ್ತೈತಿ. ಬರ್ರಿ."